ಕೈಯಲ್ಲಿ ನಾಲ್ಕು, ಲೆಕ್ಕಕ್ಕೆ ಎರಡು

ಅಂಗಡಿಯಲ್ಲಿ ಬಿಲ್ಲು ಕಟ್ಟುವಾಗ ನನಗೊಂದು ಕೆಟ್ಟ ಅಭ್ಯಾಸವಿದೆ. ಪರ್ಸಿನಿಂದ ಒಂದು ಕಾರ್ಡು ತೆಗೆದು ಕೊಟ್ಟರೆ ಮುಗಿಯುವ ಕೆಲಸ. ನಾನು ಹಾಗೆ ಮಾಡುವುದಿಲ್ಲ. ಬ್ಯಾಂಕಿನದು, ಬಸ್ಸಿನದು, ಲೈಬ್ರರಿಯದು, ಈ ದೇಶದಲ್ಲಿ ಇರಬಹುದು ಎಂದು ಹೇಳುವುದು, ಹೀಗೆ ನಾಲ್ಕನ್ನೂ ಎಡಗೈಯಲ್ಲಿ ಬೀಸಣಿಗೆಯಂತೆ ಬಿಡಿಸಿ, ಎರಡನ್ನು ಈಚೆ ಎರಡನ್ನು ಆಚೆ ಸರಿಸಿ, ಎದುರಿಗಿರುವವರ ಮುಖವನ್ನೊಮ್ಮೆ ನೋಡಿ ಯೋಚನೆಗೆ ಬೀಳುತ್ತೇನೆ. ಮೊನ್ನೆ ಡಬ್ಲಿನ್ ಹತ್ತಿರದ ಸ್ವೋರ್ಡ್ಸ್‌ನ ಅಂಗಡಿಯಲ್ಲಿ ಬಿಲ್ಲಿನ ಹೆಂಗಸು ಒಂದು ನಿಮಿಷ ಕಾದು, "ಯಾವುದಾದರೂ ಒಂದು ಸಾಕಮ್ಮ, ನನಗೆ ಲೈಬ್ರರಿ ಮಾತ್ರ ಬೇಡ" ಎಂದಳು. ಹಿಂದಿದ್ದವರು ನಕ್ಕರು. ಕಾರ್ಡು ಕೊಟ್ಟು, ಹಾಲಿನ ಕ್ಯಾನು ಎತ್ತಿಕೊಂಡು ಹೊರಬಂದೆ. ತಪ್ಪು ನನ್ನದಲ್ಲ, ವಿಜಯಕ್ಕನದು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ವಾದ ಮಂಡಿಸಿದೆ.

ವಾದ ಮಂಡಿಸುವುದು ನನ್ನ ಹಳೆಯ ಕಾಯಿಲೆ. ಮಂಡ್ಯದ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗೆ ಹೋದವಳು ನಾನು. ಪರವೋ ವಿರೋಧವೋ ಎಂಬುದು ಚೀಟಿ ಎತ್ತಿದ ಮೇಲೆ ತಿಳಿಯುತ್ತಿತ್ತು. ಹಾಗಾಗಿ ಯಾವುದನ್ನೂ ನಂಬದೆ ಎಲ್ಲದರ ಬಗ್ಗೆಯೂ ನಾಲ್ಕು ನಿಮಿಷ ಮಾತಾಡುವ ವಿದ್ಯೆ ಕೈಹತ್ತಿತು. ಉಪ್ಪಿಟ್ಟು ಮಾಡಿದರೆ ಉಪ್ಪಿಟ್ಟಿನ ಮೇಲೂ ಖಂಡನಾ ನಿರ್ಣಯ ತರುತ್ತಾಳೆ ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಆ ವಿದ್ಯೆಯನ್ನು ಕಟ್ಟಿಕೊಂಡು ಡಬ್ಲಿನ್‌ಗೆ ಬಂದು, ಎಂಎಸ್ ಮುಗಿಸಿ, ಬ್ಲಾಂಚರ್ಡ್ಸ್‌ಟೌನ್‌ನ ಒಂದು ಕಂಪನಿಯಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸಕ್ಕೆ ಸೇರಿದೆ. ನನ್ನ ಸ್ವಭಾವಕ್ಕೆ ಸಂಬಳ ಕೊಡುವವರು ಸಿಕ್ಕಿದ್ದು ಅದೇ ಮೊದಲು.

ವಾಸ ಮಾತ್ರ ಸ್ವೋರ್ಡ್ಸ್‌ನಲ್ಲಿ, ವಿಜಯಕ್ಕ ಮತ್ತು ರವಿ ಭಾವನ ಬಾಡಿಗೆ ಮನೆಯ ಮೇಲಿನ ಸಣ್ಣ ಕೋಣೆಯಲ್ಲಿ. ಭಾವ ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಎಂಜಿನಿಯರು, ಮಿತಭಾಷಿ. ವಿಜಯಕ್ಕ ಮೈಸೂರಿನ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷ ಗಣಿತ ಹೇಳಿಕೊಟ್ಟವರು. ಇಲ್ಲಿ ಮೇಷ್ಟ್ರಾಗಲು ಬೇಕಾದ ಕಾಗದಪತ್ರಗಳು ಎರಡು ಸಲ ಹೋಗಿ ಎರಡು ಸಲ ವಾಪಸ್ಸು ಬಂದಿದ್ದವು. ಮೂರನೆಯ ಸಲ ಅವರು ಕಳಿಸಲಿಲ್ಲ. ಬದಲಿಗೆ "ಹೋಟೆಲ್ ಲೈನಿನಲ್ಲಿ" ಕೆಲಸ ಮಾಡುತ್ತಾರೆ ಎಂದು ಭಾವ ಕನ್ನಡದವರ ಕೂಟಗಳಲ್ಲಿ ಹೇಳುತ್ತಿದ್ದರು. ನಾನು ಮನೆ ಸೇರಿದ ಎರಡನೆಯ ವಾರ, ನಡುಮನೆಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡಿನ ಮೇಲೆ ಕಪ್ಪು ವೇಸ್ಟ್‌ಕೋಟು, ಕಪ್ಪು ಬೋ ಟೈ ಒಣಗುತ್ತಿದ್ದವು.

"ಅಕ್ಕ, ಯಾವ ಹೋಟ್ಲು ಇಷ್ಟು ಗ್ರ್ಯಾಂಡಾಗಿ ಯೂನಿಫಾರ್ಮ್ ಕೊಡುತ್ತೆ?"

ಅವರು ಒಂದು ಕ್ಷಣ ನನ್ನನ್ನು ಅಳೆದರು. "ಹೋಟ್ಲಲ್ಲ. ಕ್ಯಾಸಿನೋ. ಇಸ್ಪೀಟು ಹಂಚ್ತೀನಿ. ಊಟಕ್ಕೆ ಬಾ."

ಕ್ಯಾಸಿನೋ ಎಂದರೆ ಸಿನಿಮಾದ ಝಗಝಗ ನೆನೆಸಿಕೊಳ್ಳಬೇಡಿ. ಊರ ಮಧ್ಯದ ಹಳೆಯ ಕಟ್ಟಡವೊಂದರ ನೆಲಮಾಳಿಗೆ, ಸವೆದ ಕಾರ್ಪೆಟ್, ಚಹಾದ ಕೆಟಲ್. ಕೊರೊನಾಕ್ಕೆ ಮುಂಚೆ ಅಲ್ಲಿ ಹೆಚ್ಚಾಗಿ ನಡೆಯುತ್ತಿದ್ದುದು ಹೋಲ್ಡೆಮ್ ಎಂಬ ಪೋಕರು. ಆಟಗಾರನ ಕೈಗೆ ಎರಡು ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಈ ಏಳರಲ್ಲಿ ಒಳ್ಳೆಯ ಐದನ್ನು ಹೇಗಾದರೂ ಜೋಡಿಸಿಕೊಳ್ಳಬಹುದು. ಒಮಾಹಾ ಎಂಬ ಇನ್ನೊಂದು ಬಗೆಯಲ್ಲಿ ಕೈಗೆ ನಾಲ್ಕು ಎಲೆ. ಅದು ಗುರುವಾರ ಮಧ್ಯಾಹ್ನ ಮಾತ್ರ, ಮೂಲೆಯ ಒಂದು ಮೇಜಿನಲ್ಲಿ, ನಿವೃತ್ತರ ಪಾಲಿಗೆ. ಅದರಲ್ಲೂ ಅವರು ಆಡುತ್ತಿದ್ದುದು ಹೈ-ಲೋ ಎಂಬ ಕವಲು. ಎಲ್ಲರೂ ಕಟ್ಟಿದ ಹಣದ ರಾಶಿಯಲ್ಲಿ ಅರ್ಧ ಎಲ್ಲರಿಗಿಂತ ದೊಡ್ಡ ಎಲೆಗಳವನಿಗೆ, ಅರ್ಧ ಎಲ್ಲರಿಗಿಂತ ಸಣ್ಣ ಎಲೆಗಳವನಿಗೆ. ವಿಜಯಕ್ಕನಿಗೆ ಇದರ ಮೇಲೆ ವಿಶೇಷ ಪ್ರೀತಿ. "ನೋಡೆ, ಕಡಿಮೆ ಮಾರ್ಕ್ಸ್ ತಗೊಂಡೋನಿಗೂ ಅರ್ಧ ಪ್ರೈಜು. ನಮ್ಮ ಸ್ಕೂಲಲ್ಲಿ ಈ ರೂಲ್ ಇದ್ದಿದ್ರೆ ಎಷ್ಟು ಮಕ್ಳು ಓದ್ತಿದ್ರೋ." ಆದರೆ ಆ ಮೇಜಿಗೆ ಹೊಸಬರು ಯಾರೂ ಬರುತ್ತಿರಲಿಲ್ಲ. ಅರ್ಧ ಹಂಚಿಕೊಳ್ಳುವ ತಾಳ್ಮೆ ಇರುವವರು ವರ್ಷಕ್ಕೊಬ್ಬರಂತೆ ಕಡಿಮೆಯಾಗುತ್ತಿದ್ದರು.

ಆಮೇಲೆ ಕೊರೊನಾ ಬಂತು. ನೆಲಮಾಳಿಗೆಗೆ ಬೀಗ ಬಿತ್ತು. ಮನೆಯಿಂದ ಐದು ಕಿಲೋಮೀಟರಿನಾಚೆ ಹೋಗುವಂತಿಲ್ಲ ಎಂದು ಸರ್ಕಾರ ಹೇಳಿತು. ನಾನು ಮೇಲಿನ ಕೋಣೆಯಲ್ಲಿ ತಪ್ಪು ಹುಡುಕುತ್ತಾ, ಭಾವ ನಡುಮನೆಯಲ್ಲಿ ಮೀಟಿಂಗು ಮಾಡುತ್ತಾ, ವಿಜಯಕ್ಕ ಅಡುಗೆಮನೆಯಲ್ಲಿ ದಿನಕ್ಕೆ ಮೂರು ಸಲ ಅದೇ ಪಾತ್ರೆ ತೊಳೆಯುತ್ತಾ ಒಂದು ವರ್ಷದ ಮೇಲೆ ಕಳೆಯಿತು. ಎರಡನೆಯ ವರ್ಷದಲ್ಲಿ ಒಂದು ದಿನ ವಿಜಯಕ್ಕನಿಗೆ ಡೆಕ್ಲನ್‌ನಿಂದ ಮೆಸೇಜು ಬಂತು. ಕ್ಯಾಸಿನೋದಲ್ಲಿ ಮೇಜುಗಳ ಉಸ್ತುವಾರಿ ಅವನದು. ಮತ್ತೆ ತೆಗೆಯುತ್ತೇವೆ. ಮೇಜುಗಳು ಅರ್ಧ, ಎಲೆ ಹಂಚುವ ಡೀಲರುಗಳೂ ಅರ್ಧ. ಬರುತ್ತೇವೆ ಎನ್ನುವವರೆಲ್ಲ ಒಮಾಹಾ ಕೇಳುತ್ತಿದ್ದಾರೆ, ಅದರಲ್ಲೂ ಕೈಗೆ ಐದು ಎಲೆಯ ಒಮಾಹಾ. ಮೂರು ವಾರ ಬಿಟ್ಟು ಪರೀಕ್ಷೆ. ಐದೆಲೆ ಹಂಚಬಲ್ಲವರಿಗೆ ಮಾತ್ರ ಕೆಲಸ.

ವಿಜಯಕ್ಕ ಐದೆಲೆ ಒಂದು ದಿನವೂ ಹಂಚಿದವರಲ್ಲ.

ಭಾವನ ಗೆಳೆಯರೊಬ್ಬರ ಆಫೀಸಿನಲ್ಲಿ ಹೆಸರು ವಿಳಾಸ ಟೈಪು ಮಾಡುವ ಕೆಲಸ ಖಾಲಿ ಇತ್ತು. "ಮನೇಲೇ ಕೂತು ಮಾಡಬಹುದು. ಯಾಕೆ ಸುಮ್ನೆ ಟೆನ್ಷನ್ನು?" ಎಂದರು ಭಾವ. ವಿಜಯಕ್ಕ ತಟ್ಟೆ ತೊಳೆದರು. ಆಮೇಲೆ ನನ್ನ ಹತ್ತಿರ ಮಾತ್ರ ಹೇಳಿದರು: "ಆ ಮೇಜಿನ ಹತ್ರ ನಿಂತಾಗ ಮಾತ್ರ ಕಣೆ, ನನ್ನ ತಲೆ ನನ್ನದು ಅನ್ಸೋದು. ಬಾಕಿ ಹೊತ್ತೆಲ್ಲ ತರಕಾರಿ ತೂಕದ್ದು, ಬಿಲ್ಲು ಡೇಟ್ದು."

ಅವತ್ತಿನಿಂದ ಅಡುಗೆಮನೆಯ ಮೇಜು ಕ್ಯಾಸಿನೋ ಆಯಿತು. ಆಟಗಾರರು ನಾನು ಮತ್ತು ಭಾವ. ಉಳಿದ ಮೂರು ಕುರ್ಚಿಯಲ್ಲಿ ಕುಕ್ಕರು, ಅಕ್ಕಿ ಡಬ್ಬ, ಮಿಕ್ಸಿ ಕೂತವು. ಅವಕ್ಕೂ ಎಲೆ ಹಾಕಬೇಕು, ಅವುಗಳ ಪರವಾಗಿ ಆಡಬೇಕು. ದುಡ್ಡಿನ ಲೆಕ್ಕದ ಬಿಲ್ಲೆಗಳು, ಅಂದರೆ ಚಿಪ್ಸು, ಅದರ ಬದಲು ಬಾದಾಮಿ. ಮಿಕ್ಸಿ ಮೊದಲ ವಾರವೇ ನನ್ನನ್ನು ಮೂರು ಸಲ ಸೋಲಿಸಿತು.

ಒಮಾಹಾದಲ್ಲಿ ಒಂದು ವಿಚಿತ್ರ ಕಟ್ಟಳೆಯಿದೆ. ಕೈಯಲ್ಲಿ ನಾಲ್ಕಿರಲಿ ಐದಿರಲಿ, ಲೆಕ್ಕಕ್ಕೆ ಬರುವುದು ಅದರಲ್ಲಿ ಎರಡು, ಎರಡೇ. ಉಳಿದ ಮೂರನ್ನು ಮೇಜಿನ ನಡುವಿನಿಂದಲೇ ತೆಗೆದುಕೊಳ್ಳಬೇಕು. ನನಗಿದು ಅನ್ಯಾಯವೆನಿಸಿತು. ಒಂದು ದಿನ ಮೇಜಿನ ಮೇಲೆ ಇಸ್ಪೀಟು ಬಣ್ಣದ ನಾಲ್ಕು ಎಲೆ ಬಿದ್ದಿದ್ದವು, ನನ್ನ ಕೈಯಲ್ಲಿ ಇಸ್ಪೀಟು ಆಸು. ಐದೂ ಒಂದೇ ಬಣ್ಣ, ಗೆದ್ದೆ ಎಂದು ಬಾದಾಮಿ ರಾಶಿಗೆ ಕೈ ಹಾಕಿದೆ.

"ಕೈ ತೆಗಿ" ಎಂದರು ವಿಜಯಕ್ಕ. "ನಿನ್ನ ಕೈಯಿಂದ ಇಸ್ಪೀಟು ಒಂದೇ. ಎರಡು ಬೇಕು. ಅಕ್ಕಿ ಡಬ್ಬ ಗೆದ್ದಿದೆ."

"ಅಕ್ಕ, ಎಲೆ ನನ್ನದು. ಎಷ್ಟು ಬಳಸಬೇಕು ಅಂತ ಹೇಳೋಕೆ ಯಾರಿಗೇನು ಹಕ್ಕು? ಈ ಕಟ್ಟಳೆಗೆ ತರ್ಕ ಏನು? ಮೊದಲನೆಯದಾಗಿ..."

"ಲಾಯರಮ್ಮ, ಚೆಸ್ಸಲ್ಲಿ ಕುದುರೆ ಯಾಕೆ ಸೊಟ್ಟ ಹೋಗುತ್ತೆ ಅಂತ ಕೇಳಿದೀಯಾ? ಇಲ್ವಲ್ಲ. ಬಾದಾಮಿ ಕೊಡು. ರೀ, ನೀವು ತಿಂದ ಎರಡೂ ಸೇರ್ಸಿ. ರಾಶೀಲಿ ಇಪ್ಪತ್ತಾರು ಇತ್ತು, ಈಗ ಇಪ್ಪತ್ನಾಲ್ಕಿದೆ."

ಭಾವ ಅಗಿಯುವುದನ್ನು ನಿಲ್ಲಿಸಿದರು.

ನನಗೆ ಆಗ ನೆನಪಾದದ್ದು ಊರಿನ ದೊಡ್ಡಮ್ಮ. ನಮ್ಮ ಕಡೆ ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ದಿವಸ, ಇಸ್ಪೀಟಾಡುವುದಕ್ಕೆ ಊರೇ ಅಪ್ಪಣೆ ಕೊಟ್ಟಂತೆ. ವರ್ಷವಿಡೀ ಇಸ್ಪೀಟು ಮುಟ್ಟಿದರೆ ಕೈ ಮುರಿಯುತ್ತೇನೆ ಎನ್ನುತ್ತಿದ್ದ ಅಪ್ಪ ಅವತ್ತು ತಾವೇ ಚಾಪೆ ಹಾಸುತ್ತಿದ್ದರು. ಹಿತ್ತಿಲಲ್ಲಿ ಬಾಡಿನ ಸಾರು ಕುದಿಯುವಷ್ಟು ಹೊತ್ತು ದೊಡ್ಡಮ್ಮನೂ ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂರುತ್ತಿದ್ದರು. ನಮ್ಮಂಥ ಚಿಳ್ಳೆಗಳಿಗೆ ಹುಣಸೆಬೀಜದ ಆಟ. ಒಂಬತ್ತು ವರ್ಷದ ನಾನು ಪ್ರತಿ ಆಟದಲ್ಲೂ ಕಟ್ಟಳೆ ಸರಿಯಿಲ್ಲ ಎಂದು ಜಗಳ ತೆಗೆಯುತ್ತಿದ್ದೆ. ದೊಡ್ಡಮ್ಮ ನನ್ನ ಮಾತು ಪೂರ್ತಿ ಕೇಳಿಸಿಕೊಂಡು, ತಲೆದೂಗಿ, ನನ್ನ ಹುಣಸೆಬೀಜವನ್ನೆಲ್ಲ ಎಳೆದುಕೊಳ್ಳುತ್ತಿದ್ದರು. ಅವರು ಎಲೆ ಕಲೆಸುವಾಗ ಎಲೆಗೆಲ್ಲ ಈರುಳ್ಳಿ ವಾಸನೆ ಹತ್ತುತ್ತಿತ್ತು. ಇಂದಿಗೂ ರಾಣಿಯ ಚಿತ್ರ ನೋಡಿದರೆ ನನಗೆ ಮಸಾಲೆ ಹುರಿದ ವಾಸನೆ ಬಂದ ಹಾಗಾಗುತ್ತದೆ.

ಎಲ್ಲಿದ್ದೆ? ಹೌದು, ಒಮಾಹಾ ಏಕೆ ಇದ್ದಕ್ಕಿದ್ದಂತೆ ಎಲ್ಲರಿಗೂ ಬೇಕಾಯಿತು ಎಂಬ ಪ್ರಶ್ನೆ. ಇದರ ಮೇಲೆ ನಮ್ಮಿಬ್ಬರಿಗೂ ಒಂದು ಪೂರ್ತಿ ಭಾನುವಾರ ಚರ್ಚೆಯಾಯಿತು. ನನ್ನ ವಾದ ಸರಳವಾಗಿತ್ತು: ಇದು ರುಚಿಯ ಪ್ರಶ್ನೆಯಲ್ಲ, ಕುರ್ಚಿಯ ಪ್ರಶ್ನೆ. ಮೊದಲು ಮೇಜಿಗೆ ಒಂಬತ್ತು ಜನ ಕೂರುತ್ತಿದ್ದರು. ಒಂಬತ್ತು ಜನಕ್ಕೆ ಐದೈದು ಎಲೆ ಹಂಚಿದರೆ ನಲವತ್ತೈದು. ನಡುವಿಗೆ ಐದು. ನಡುವೆ ಎಲೆ ತೆರೆಯುವಾಗಲೆಲ್ಲ ಮೇಲಿನದೊಂದನ್ನು ಪಕ್ಕಕ್ಕಿಡಬೇಕು, ಅದು ಮೂರು. ಒಟ್ಟು ಐವತ್ತಮೂರು. ಕಟ್ಟಿನಲ್ಲಿರುವುದು ಐವತ್ತೆರಡು. ಈಗ ಕೊರೊನಾ ಬಂದು ಮೇಜಿಗೆ ಐದೇ ಜನ, ನಡುವೆ ಪ್ಲಾಸ್ಟಿಕ್ ಗೋಡೆ. ಐದೆಲೆ ಹಿಡಿಸುತ್ತದೆ, ಅದಕ್ಕೇ ಆಡುತ್ತಾರೆ. ಇಷ್ಟೇ.

ವಿಜಯಕ್ಕ ಅವರೆಕಾಳು ಹಿತುಕುತ್ತಾ ಕೇಳಿಸಿಕೊಂಡರು. ಅವು ಫ್ರೀಜರಿನ ಅವರೆಕಾಳು, ಹಿತುಕುವುದಕ್ಕೆ ಸಿಗದೆ ಜಾರುತ್ತಿದ್ದವು.

"ಲೆಕ್ಕ ಸರಿ. ಹತ್ತಕ್ಕೆ ಹತ್ತು. ಆದ್ರೆ ಹಿಡ್ಸುತ್ತೆ ಅಂತ ಯಾರಾದ್ರೂ ಆಡ್ತಾರೇನೆ? ಬಸ್ಸಲ್ಲಿ ಸೀಟಿದೆ ಅಂತ ನೀನು ಕಿಲ್ಕೆನ್ನಿಗೆ ಹೋಗ್ತೀಯಾ?"

"ಹಾಗಾದ್ರೆ ನಿಮ್ಮ ವಾದ ಏನು?"

"ಎರಡೆಲೆ ಆಟದಲ್ಲಿ ಕೈಗೆ ಬರೋದು ಒಂದೇ ಜೋಡಿ. ಕೆಟ್ಟದು ಬಂತು ಅಂದ್ರೆ ಎಸ್ದು ಸುಮ್ನೆ ಕೂತ್ಕೋಬೇಕು. ನಾಲ್ಕರಲ್ಲಿ ಎರಡು, ಆರು ಥರ. ಐದರಲ್ಲಿ ಎರಡು, ಹತ್ತು ಥರ. ಹತ್ತನೇ ಕ್ಲಾಸಿನ ವಿಕಲ್ಪದ ಪಾಠ. ಒಂದೂವರೆ ವರ್ಷ ಎಲ್ರೂ ಮನೇಲಿ ಸುಮ್ನೆ ಕೂತಿದ್ರು. ಇನ್ನೂ ಕೂರು ಅಂದ್ರೆ ಕೂರ್ತಾರಾ? ಹತ್ತು ದಾರಿ ಇದೆ ಅನ್ನೋ ಆಟ ಬೇಕು ಅವ್ರಿಗೆ. ಹತ್ತೂ ಕೆಟ್ಟದಿರಬಹುದು, ಅದು ಬೇರೆ ಮಾತು."

ಇದಕ್ಕೆ ಸಾಕ್ಷಿ ಎಲ್ಲಿ ಎಂದು ಕೇಳಬಹುದಿತ್ತು. ಕೇಳಿದೆ ಕೂಡ. ಆದರೆ ಬಾಯಿ ಕೇಳುತ್ತಿದ್ದಾಗ ತಲೆ ಆಗಲೇ ಅವರ ಕಡೆಗೆ ವಾಲಿತ್ತು. ನಾನೂ ಒಂದೂವರೆ ವರ್ಷ ಆ ಸಣ್ಣ ಕೋಣೆಯಲ್ಲಿ ಕೂತಿದ್ದವಳೇ ಅಲ್ಲವೇ.

ಪರೀಕ್ಷೆಯ ದಿನ ಆಟಗಾರರ ಜಾಗಕ್ಕೆ ಮನೆಯವರನ್ನೋ ಸ್ನೇಹಿತರನ್ನೋ ಕರೆತರಬಹುದು ಎಂದಿದ್ದ ಡೆಕ್ಲನ್. ನಾನು ಹೋದೆ. ಮಟಮಟ ಮಧ್ಯಾಹ್ನ, ಮಾಸ್ಕು, ಕೈಗೆ ಸ್ಯಾನಿಟೈಸರು. ನನ್ನ ಪಕ್ಕದಲ್ಲಿ ಮಾರ್ಟಿನ್ ಎಂಬ ಹಿರಿಯರು, ಗುರುವಾರದ ಹೈ-ಲೋ ಮೇಜಿನ ಕೊನೆಯ ಕುಡಿಗಳಲ್ಲೊಬ್ಬರು. ಇನ್ನು ಮೂವರು ಬೇರೆ ಡೀಲರುಗಳ ಕಡೆಯವರು. ಗೋಡೆಯ ಮೇಲೆ ನಿಯಮಗಳ ಹಾಳೆ ಅಂಟಿಸಿತ್ತು. ಅದರಲ್ಲಿ ಕೆಂಪಕ್ಷರದ್ದು ಒಂದೇ: ಡೀಲರು ಆಟದ ನಡುವೆ ಮುಖ ಮುಟ್ಟಿಕೊಂಡರೆ ಆ ಆಟ ರದ್ದು, ಎಲೆಯ ಕಟ್ಟು ಹೊರಕ್ಕೆ, ಎಲ್ಲರ ಚಿಪ್ಸು ವಾಪಸ್ಸು.

ವಿಜಯಕ್ಕ ಮೇಜಿನ ಹಿಂದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಡುಗೆಮನೆಯ ವಿಜಯಕ್ಕನ ಭುಜ ಸ್ವಲ್ಪ ಬಾಗಿರುತ್ತದೆ. ಇವರು ಸೆಟೆದು ನಿಂತಿದ್ದರು. ಎಲೆಗಳು ಅವರ ಬೆರಳಿಂದ ಹೊರಟು ಪ್ಲಾಸ್ಟಿಕ್ ಗೋಡೆಯ ಕೆಳಗಿನ ಸೀಳಿನಲ್ಲಿ ನುಸುಳಿ ಒಬ್ಬೊಬ್ಬರ ಮುಂದೆ ಬಂದು ನಿಲ್ಲುತ್ತಿದ್ದವು, ಒಂದರ ಮೇಲೊಂದು, ಅಂಚು ತಪ್ಪದಂತೆ. ಈ ಆಟದಲ್ಲಿ ನಡುವಿನ ರಾಶಿಯನ್ನು ಮೀರಿ ಯಾರೂ ಕಟ್ಟುವಂತಿಲ್ಲ. ರಾಶಿ ಎಷ್ಟಾಯಿತು ಎಂದು ಯಾರು ಕೇಳಿದರೂ ಡೀಲರು ಬಾಯಲ್ಲೇ ಹೇಳಬೇಕು. ಅವರು ರಾಶಿಯತ್ತ ನೋಡದೆಯೇ ಹೇಳುತ್ತಿದ್ದರು. ಮುಕ್ಕಾಲು ಗಂಟೆ ಒಂದು ತಪ್ಪಿಲ್ಲ. ಡೆಕ್ಲನ್ ಹಿಂದೆ ನಿಂತು ಏನೋ ಬರೆದುಕೊಳ್ಳುತ್ತಿದ್ದ. ಅವನ ಪಟ್ಟಿಯಲ್ಲಿ ಸರಿ ಗುರುತುಗಳೇ ಕಾಣುತ್ತಿದ್ದವು.

ಕೆಡಿಸಿದವಳು ನಾನು.

ಆ ಆಟದಲ್ಲಿ ಎರಡು ಸುತ್ತು ಕಟ್ಟಿ ಏರಿಸಿ ಆಗಿತ್ತು. ನನ್ನ ಐದೂ ಎಲೆ ದಂಡ. ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯ ವಾದ ಹುರುಳಿಲ್ಲದ್ದು ಎಂದು ತೋರಿಸಲು ಟಿಪ್ಪಣಿಯ ಹಾಳೆಯನ್ನು ಮೇಜಿನ ಮೇಲೆ ಎಸೆಯುವ ಒಂದು ಠೀವಿ ಇದೆ. ಅದೇ ಠೀವಿಯಲ್ಲಿ ಎಲೆ ಎಸೆದೆ. ನಾಲ್ಕು ಸೀಳಿನೊಳಗೆ ಹೋಗಿ ನಿಂತವು. ಐದನೆಯದು ಜಾರಿ ಮೇಜು ದಾಟಿ ವಿಜಯಕ್ಕನ ಕಾಲ ಬುಡಕ್ಕೆ ಬಿತ್ತು. ಅವರು ಒಂದು ಹೆಜ್ಜೆ ಹಿಂದಿಟ್ಟಾಗ ಅದರ ಮೇಲೆ ಶೂ ಬಿತ್ತು. ತಕ್ಷಣ ಬಗ್ಗಿ ಎತ್ತಿಕೊಂಡರು. ಎತ್ತಿಕೊಂಡವರು ಎಡಗಣ್ಣಿಗೆ ಒಮ್ಮೆ, ಬಲಗಣ್ಣಿಗೆ ಒಮ್ಮೆ ಒತ್ತಿಕೊಂಡರು.

ನಮ್ಮಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಯಾರೂ ಯೋಚಿಸಿ ಕಣ್ಣಿಗೊತ್ತಿಕೊಳ್ಳುವುದಿಲ್ಲ. ಕೈ ತಾನೇ ಹೋಗುತ್ತದೆ. ಇದನ್ನು ಮೂಢನಂಬಿಕೆ ಎಂದು ಖಂಡಿಸಿ ನಾನು ಒಂದು ಶೀಲ್ಡು ಗೆದ್ದಿದ್ದೇನೆ.

ಡೆಕ್ಲನ್ ಆ ಕ್ಷಣದಲ್ಲಿ ಬಾಗಿಲ ಕಡೆ ತಿರುಗಿದ್ದ, ಏನೂ ನೋಡಿರಲಿಲ್ಲ. ಉಳಿದವರು ತಂತಮ್ಮ ಎಲೆಯಲ್ಲಿ ಮುಳುಗಿದ್ದರು. ಸುಮ್ಮನಿದ್ದಿದ್ದರೆ ಆಗಿಹೋಗುತ್ತಿತ್ತು. ವಿಜಯಕ್ಕ ಎರಡೂ ಅಂಗೈಗಳನ್ನು ಮೇಲಕ್ಕೆತ್ತಿ ತೋರಿಸಿ, "ಡೆಕ್ಲನ್, ನಾನು ಮುಖ ಮುಟ್ಟಿಕೊಂಡೆ. ಆಟ ರದ್ದು" ಎಂದರು.

ನಾನು ಥಟ್ಟನೆ ಎದ್ದೆ. "ಇಲ್ಲ, ಇಲ್ಲ, ಮಾಸ್ಕ್ ಸರಿಮಾಡಿಕೊಂಡರು ಅಷ್ಟೇ. ನಾನು ನೋಡಿದೆ."

"ಅವಳು ನಮ್ಮ ಮನೆಯಲ್ಲಿರುವ ಹುಡುಗಿ. ಅದಕ್ಕೇ ಹಾಗೆ ಹೇಳುತ್ತಿದ್ದಾಳೆ" ಎಂದರು ವಿಜಯಕ್ಕ, ನನ್ನತ್ತ ನೋಡದೆ.

ಡೆಕ್ಲನ್ ಪೆನ್ನು ಕಿವಿಗೆ ಸಿಕ್ಕಿಸಿದ. "ಕಣ್ಣು ತುರಿಸಿತಾ?"

"ಇಲ್ಲ. ಎಲೆಗೆ ಕಾಲು ತಾಗಿತು. ಓದುವ ಕಾಗದಕ್ಕೆ ಕಾಲು ತಾಗಿದರೆ ನಮ್ಮಲ್ಲಿ ಹೀಗೆ ಕ್ಷಮೆ ಕೇಳುತ್ತೇವೆ."

"ಇದು ಕಾಗದ ಅಲ್ಲವಲ್ಲ, ಪ್ಲಾಸ್ಟಿಕ್ಕು."

ವಿಜಯಕ್ಕ ಕೈಯಲ್ಲಿದ್ದ ಎಲೆಯನ್ನು ತಿರುಗಿಸಿ ನೋಡಿದರು. ಕಳಾವರ ಏಳು. "ಇದರ ಮೇಲೆ ಸಂಖ್ಯೆ ಇದೆ" ಎಂದರು.

ಇದಕ್ಕೆ ಮರುವಾದ ಏನು ಎಂದು ನಾನು ಆಮೇಲೆ ಎಷ್ಟೋ ದಿನ ಹುಡುಕಿದ್ದೇನೆ. ಸಿಕ್ಕಿಲ್ಲ.

ಆಟ ರದ್ದಾದರೆ ಚಿಪ್ಸು ವಾಪಸ್ಸು ಹೋಗಬೇಕಲ್ಲ. ರಾಶಿ ಆಗಲೇ ಕಲೆತುಹೋಗಿತ್ತು, ಯಾರು ಎಷ್ಟು ಕಟ್ಟಿದ್ದರು ಎಂಬುದು ನನಗೆ ನನ್ನದೇ ನೆನಪಿರಲಿಲ್ಲ. ವಿಜಯಕ್ಕ ಕೈ ತೊಳೆದು ಬಂದು ಬೆರಳು ತೋರಿಸುತ್ತಾ ಹೋದರು: "ನಿಮಗೆ ನೂರ ಎಂಬತ್ತೈದು. ನಿಮಗೂ ನೂರ ಎಂಬತ್ತೈದು. ಈ ಹುಡುಗಿಗೆ ಅರವತ್ತೈದು. ಮಾರ್ಟಿನ್, ನಿಮಗೆ ಇಪ್ಪತ್ತು. ನಿಮಗೆ ಐದು." ಪಾಲು ಮಾಡಿ ಮುಗಿದಾಗ ಮೇಜಿನ ನಡುವೆ ಒಂದು ಬಿಲ್ಲೆಯೂ ಉಳಿಯಲಿಲ್ಲ, ಒಂದು ಬಿಲ್ಲೆಯೂ ಕಡಿಮೆ ಬೀಳಲಿಲ್ಲ. ಡೆಕ್ಲನ್ ಒಳಗೆ ಹೋಗಿ ಕ್ಯಾಮೆರಾದಲ್ಲಿ ಆಟವನ್ನು ಮತ್ತೆ ನೋಡಿ ಬಂದ. ಪಟ್ಟಿಯಲ್ಲಿ ಏನೋ ಉದ್ದಕ್ಕೆ ಬರೆದ. "ತಿಳಿಸುತ್ತೇವೆ" ಎಂದ.

ಎದ್ದು ಹೋಗುವಾಗ ಮಾರ್ಟಿನ್ ನನ್ನ ಕಿವಿಯ ಹತ್ತಿರ ಬಂದು, ಎರಡು ಮೀಟರು ನೆನಪಾಗಿ ಹಿಂದೆ ಸರಿದು, "ಮೂವತ್ತು ವರ್ಷದಿಂದ ಆಡುತ್ತಿದ್ದೇನೆ. ತನ್ನ ಮೇಲೆ ತಾನೇ ದೂರು ಕೊಟ್ಟ ಡೀಲರನ್ನು ಇವತ್ತೇ ನೋಡಿದ್ದು" ಎಂದರು.

ಬಸ್ಸಿನಲ್ಲಿ ನಾನು ಕ್ಷಮೆ ಕೇಳಿದೆ. ಎಲೆ ಎಸೆದದ್ದಕ್ಕೆ ಒಂದು, ಸುಳ್ಳು ಹೇಳಿದ್ದಕ್ಕೆ ಇನ್ನೊಂದು.

"ಎಸ್ದಿದ್ದು ಹೋಗ್ಲಿ ಬಿಡು" ಎಂದರು ವಿಜಯಕ್ಕ. "ಸುಳ್ಳು ಹೇಳೋದಾದ್ರೆ ನೆಟ್ಟಗೆ ಹೇಳೋದು ಕಲಿ. ನಾನು ಕೈ ಇಟ್ಟಿದ್ದು ಕಣ್ಣಿಗೆ. ನೀನು ಮಾಸ್ಕ್ ಅಂತೀಯಲ್ಲ. ಅದೆಂಥ ಶೀಲ್ಡು ಕೊಟ್ರೋ ನಿಂಗೆ?"

ಎಂಟು ದಿನ ಫೋನಿಲ್ಲ. ಭಾವ ಗೆಳೆಯರ ಆಫೀಸಿನ ಅರ್ಜಿಯನ್ನು ಪ್ರಿಂಟು ತೆಗೆದು ಮೇಜಿನ ಮೇಲಿಟ್ಟರು. ಅದು ಅಲ್ಲೇ ಇತ್ತು, ವಿಜಯಕ್ಕ ಅದರ ಸುತ್ತ ಮೇಜು ಒರೆಸುತ್ತಿದ್ದರು. ಒಂಬತ್ತನೆಯ ದಿನ ಬೆಳಿಗ್ಗೆ ಇಡ್ಲಿ ತಟ್ಟೆಗೆ ಎಣ್ಣೆ ಸವರುತ್ತಿದ್ದಾಗ ಫೋನು ಬಂತು. ಮೊಣಕೈಯಿಂದಲೇ ಸ್ಪೀಕರು ಒತ್ತಲು ಹೋಗಿ ಆಗದೆ, ಎಣ್ಣೆ ಕೈಯಲ್ಲೇ ಎತ್ತಿಕೊಂಡು ಹಿತ್ತಿಲಿಗೆ ಹೋದರು. ಕಿಟಕಿಯಿಂದ ನಾನೂ ಭಾವನೂ ನೋಡುತ್ತಿದ್ದೆವು. ತಲೆ ಆಡುತ್ತಿತ್ತು, ಯಾವ ಕಡೆಗೆ ಎಂದು ಹೇಳುವಂತಿರಲಿಲ್ಲ. "ಗ್ರ್ಯಾಂಡ್" ಎಂದದ್ದು ಕೇಳಿಸಿತು. ಈ ದೇಶದಲ್ಲಿ ಅದಕ್ಕೆ ಸಂತೋಷ, ಪರವಾಗಿಲ್ಲ, ಹಾಳಾಗಿ ಹೋಗಲಿ, ಮೂರೂ ಅರ್ಥವಿದೆ.

ಒಳಗೆ ಬಂದು ಸ್ಟವ್ ಸಣ್ಣ ಮಾಡಿದರು.

"ವಾರಕ್ಕೆ ನಾಲ್ಕು ಮಧ್ಯಾಹ್ನ. ಐದೆಲೆ ಮೇಜು ನನ್ನದೇ."

ಭಾವ ಕೆಮ್ಮಿದರು. ನಾನು ಹೋ ಎಂದೆ.

"ಇರು, ಇನ್ನೂ ಇದೆ. ಉಳಿದ ಡೀಲರುಗಳು ಐದೆಲೆ ರಾಶಿ ಲೆಕ್ಕದಲ್ಲಿ ತಪ್ತಾ ಇದಾರಂತೆ. ನಾಲ್ಕು ಜನ. ಸೋಮವಾರದಿಂದ ದಿನಾ ಬೆಳಿಗ್ಗೆ ಎರಡು ಗಂಟೆ ಹೊತ್ತು ಅವ್ರಿಗೆ ನಾನು ಹೇಳ್ಕೊಡಬೇಕಂತೆ. ಸಂಬಳ ಬೇರೆ." ಅಷ್ಟು ಹೇಳಿ ಇಡ್ಲಿ ಹಿಟ್ಟನ್ನು ಸುಮ್ಮನೆ ಕಲೆಸುತ್ತಾ ನಿಂತರು. ಹಿಟ್ಟು ಆಗಲೇ ಕಲೆತಿತ್ತು. "ಬೋರ್ಡ್ ಎಲ್ಲಿ ಸಿಗುತ್ತೆ ಇಲ್ಲಿ?"

ಶನಿವಾರ ಇಬ್ಬರೂ ಎರಡು ಬಸ್ಸು ಬದಲಿಸಿ ಬ್ಲಾಂಚರ್ಡ್ಸ್‌ಟೌನ್‌ನ ದೊಡ್ಡ ಅಂಗಡಿಗೆ ಹೋಗಿ ಬಿಳಿಯ ಬೋರ್ಡು ತಂದೆವು. ಕರಿ ಬೋರ್ಡೇ ಬೇಕೆಂದು ವಿಜಯಕ್ಕ ಮೂರು ಕಡೆ ಕೇಳಿ ಸೋತಿದ್ದರು. ಬಸ್ಸಿನಲ್ಲಿ ಯಾರೂ ಕೂರಬಾರದೆಂದು ಚೀಟಿ ಅಂಟಿಸಿದ್ದ ಸೀಟಿನ ಮೇಲೆ ಬೋರ್ಡನ್ನು ನಿಲ್ಲಿಸಿ, ಒಂದು ಕೈ ಅದಕ್ಕೆ ಆನಿಸಿ ಕೂತರು. ನಾನು ಆಚೆ ಸಾಲಿನಲ್ಲಿ.

"ಅಕ್ಕ, ಮೊದಲ ಪಾಠ ಏನು? ಕೈಯಿಂದ ಎರಡು, ಮೇಜಿನಿಂದ ಮೂರು. ಅಲ್ವಾ?"

"ಅಲ್ಲ." ಬ್ಯಾಗಿನಿಂದ ಹೊಸ ನೋಟ್‌ಬುಕ್ ತೆಗೆದರು. ಮೊದಲ ಪುಟದಲ್ಲಿ ಆ ನಾಲ್ಕು ಜನರ ಹೆಸರುಗಳನ್ನು ಗುಂಡನೆಯ ಕನ್ನಡ ಅಕ್ಷರದಲ್ಲಿ ಬರೆದಾಗಿತ್ತು. ಎದುರಿಗೆ ಸ್ಕೇಲಿನಿಂದ ಎಳೆದ ಗೆರೆಗಳು, ಸೋಮವಾರದಿಂದ ಶುಕ್ರವಾರದವರೆಗೆ ಖಾಲಿ ಮನೆಗಳು. "ಮೊದಲು ಹಾಜರಿ."